ಮಹಾಪ್ರಾಣ ಯಾರ ಪ್ರಾಣ?

ವ್ಯಾಕರಣ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಲೋಪ, ಆಗಮ, ಆದೇಶಗಳ ಪಟ್ಟಿ ಮತ್ತು ಉತ್ತರಪತ್ರಿಕೆಯ ಮೇಲಿನ ಕೆಂಪು ಶಾಯಿ. ಪರೀಕ್ಷೆ ಮುಗಿದ ಮರುದಿನವೇ ಅದನ್ನು ಹಳೆಯ ಪುಸ್ತಕಗಳ ಜೊತೆ ರದ್ದಿಗೆ ಹಾಕಿ ಸಂಸಾರ ಹೂಡಿದವರು ನಾವು. ಆದರೆ ಬೆಳಿಗ್ಗೆ ಹಾಲಿನವನ ಜೊತೆ ಆಡುವ ಮೊದಲ ಮಾತಿನಿಂದ ಹಿಡಿದು ರಾತ್ರಿ ಬಾಗಿಲ ಅಗುಳಿ ಹಾಕುವಾಗಿನ ಗೊಣಗಾಟದವರೆಗೆ ಒಂದು ವಿಭಕ್ತಿಯೂ ತಪ್ಪದ ಹಾಗೆ ಮಾತಾಡುತ್ತೇವೆ. "ಡಬ್ಬೀಲಿ ಬೇಳೆ ಇಲ್ಲ, ಅಂಗಡಿಯಿಂದ ತಗೊಂಡು ಬಾ" ಎನ್ನುವಾಗ ಸಪ್ತಮಿ ಯಾವುದು, ತೃತೀಯೆ ಯಾವುದು ಎಂದು ಯಾರೂ ಬೆರಳು ಮಡಿಚಿ ಎಣಿಸುವುದಿಲ್ಲ. ಅಂದಮೇಲೆ ವ್ಯಾಕರಣ ಇರುವುದು ನಮ್ಮ ಬಾಯಲ್ಲಿ. ಪುಸ್ತಕದವರು ಅದನ್ನು ಕೇಳಿಸಿಕೊಂಡು ಬರೆಯಬೇಕಷ್ಟೆ.

ಇಷ್ಟು ಸರಳವಾದ ಸಂಗತಿಯನ್ನು ನನಗೆ ಮನದಟ್ಟು ಮಾಡಿಕೊಟ್ಟವರು ಡಿ. ಎನ್. ಶಂಕರ ಭಟ್ಟರು. ಅವರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಹೊರಬಂದದ್ದು 2000ರಲ್ಲಿ. ಆಗ ನಾನು ದಾವಣಗೆರೆಯಲ್ಲಿ ಮನೆ, ಹರಿಹರದಲ್ಲಿ ನೌಕರಿ ಎಂದು ದಿನವೂ ಬಸ್ಸಿನಲ್ಲಿ ಓಡಾಡುತ್ತ, ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಪುಸ್ತಕವನ್ನು ಬಸ್ಸಿನಲ್ಲೇ ಓದಿ ಮುಗಿಸಿದೆ ಎಂದರೆ ಅದು ಕಾದಂಬರಿಯೇನೂ ಅಲ್ಲವಲ್ಲ ಎಂದು ನೀವು ನಗಬಹುದು. ಇಪ್ಪತ್ತೈದು ವರ್ಷಗಳಿಂದ ಆ ಪುಸ್ತಕ ಮತ್ತು ಅದರ ನಂತರ ಅವರು ಬರೆದವು ನನ್ನ ಕಪಾಟಿನಲ್ಲಿ ಇವೆ. ಅವುಗಳ ಜೊತೆ ನನಗೆ ಒಂದು ಒಪ್ಪಿಗೆ ಇದೆ, ಒಂದು ತಕರಾರೂ ಇದೆ. ಎರಡನ್ನೂ ಇಲ್ಲಿ ಹೇಳುತ್ತೇನೆ.

ಭಟ್ಟರು ಹುಟ್ಟಿದ್ದು 1935ರಲ್ಲಿ, ತೀರಿಕೊಂಡದ್ದು 2023ರಲ್ಲಿ. ಕರಾವಳಿಯ ಕಡೆಯ ಹವ್ಯಕ ಮನೆತನದವರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಕೆಲಸ ಮಾಡಿದರು. ನಮ್ಮಲ್ಲಿ ಪಂಡಿತರೆಂದರೆ ಹಳೆಯ ಗ್ರಂಥಗಳ ನಡುವೆ ಕೂತವರು ಎಂಬ ಚಿತ್ರ ಇದೆಯಲ್ಲ, ಇವರು ಆ ಜಾತಿಯವರಲ್ಲ. 1967ರಲ್ಲಿ ಇವರ ತುಳು ಭಾಷೆಯ ವಿವರಣೆ ಬಂತು. 1968ರಲ್ಲಿ ಅಸ್ಸಾಮಿನ ಬೋಡೋ ಪದಗಳ ಕೋಶ, 1969ರಲ್ಲಿ ಮಣಿಪುರದ ಬೆಟ್ಟಗಳ ತಾಂಖುಲ್ ನಾಗಾ ಪದಗಳ ಕೋಶ. 1971ರಲ್ಲಿ ನಮ್ಮ ಕರಾವಳಿಯ ಕೊರಗರ ಭಾಷೆಯ ಮೇಲೆ ಒಂದು ಪುಸ್ತಕ. ಆಮೇಲೆ ಇಂಫಾಲದ ಮಣಿಪುರ ವಿಶ್ವವಿದ್ಯಾಲಯದಲ್ಲಿ ಇದ್ದರು. ಅಲ್ಲಿಯವರೊಬ್ಬರ ಜೊತೆ ಸೇರಿ ಮಣಿಪುರಿ ವ್ಯಾಕರಣ ಬರೆದರು. ಅದು 1997ರಲ್ಲಿ ಅಚ್ಚಾಯಿತು.

ಈ ಪಟ್ಟಿಯನ್ನು ಅವರ ಬಗ್ಗೆ ಬರೆಯುವವರು ವಾಡಿಕೆಗೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ, ವರನ ಡಿಗ್ರಿಗಳನ್ನು ಓದಿದ ಹಾಗೆ. ನನಗೆ ಮಾತ್ರ ಎಲ್ಲಕ್ಕೂ ಬುಡ ಇದೇ ಅನ್ನಿಸುತ್ತದೆ. ಕೊರಗರನ್ನು ಮನೆಯಂಗಳಕ್ಕೂ ಸೇರಿಸದ ಊರುಗಳಿದ್ದ ಕಾಲದಲ್ಲಿ ಅವರ ಮಾತಿನ ಒಂದೊಂದು ಸದ್ದನ್ನೂ ಬರೆದುಕೊಳ್ಳುವುದೆಂದರೆ, ಇದೂ ಒಂದು ಭಾಷೆ, ಇದಕ್ಕೂ ಒಂದು ಕಟ್ಟು ಇದೆ ಎಂದು ಒಪ್ಪಿದಂತೆ. ಮಣಿಪುರಿಯಲ್ಲಿ ಒಂದೇ ಅಕ್ಷರಮಾಲೆಯ ಪದವನ್ನು ಎರಡು ಬೇರೆ ಏರಿಳಿತದಲ್ಲಿ ಹೇಳಿದರೆ ಎರಡು ಬೇರೆ ಅರ್ಥ ಬರುತ್ತವೆ. ಕನ್ನಡದ ಕಿವಿಗೆ ಅದು ಒಂದೇ ಪದ. ಅಂಥ ಕಡೆ ಕೂತವನಿಗೆ ತನ್ನ ಕಿವಿಯನ್ನು ತಾನೇ ನಂಬದಿರುವ ಅಭ್ಯಾಸ ಬರಲೇಬೇಕು. 1999ರ ಅವರ ಇಂಗ್ಲಿಷ್ ಪುಸ್ತಕವೊಂದರ ವಾದ ಹೀಗಿದೆ: ಕೆಲವು ಭಾಷೆಗಳ ಕ್ರಿಯಾಪದ ಯಾವಾಗ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ, ಕೆಲವು ಕೆಲಸ ಮುಗಿಯಿತೇ ಇಲ್ಲವೇ ಎಂಬುದಕ್ಕೆ, ಇನ್ನು ಕೆಲವು ಹೇಳುವವರ ನಿಲುವಿಗೆ. ಒಂದರ ಅಳತೆಗೋಲು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಅಕ್ಕಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆಯಲಾದೀತೇ?

ಹೀಗೆ ದೂರದ ಭಾಷೆಗಳ ನಡುವೆ ಇದ್ದು ಬಂದವರು ಕನ್ನಡದ ಕಡೆ ತಿರುಗಿದಾಗ ಕಂಡದ್ದೇನು? ಕನ್ನಡದ ಮಕ್ಕಳು ಕನ್ನಡ ವ್ಯಾಕರಣ ಎಂದು ಕಲಿಯುತ್ತಿರುವುದರಲ್ಲಿ ಬಹುಪಾಲು ಸಂಸ್ಕೃತದ ವ್ಯಾಕರಣ. ಸವರ್ಣದೀರ್ಘ, ಗುಣ, ವೃದ್ಧಿ ಸಂಧಿಗಳೆಲ್ಲ ನಾವು ಸಂಸ್ಕೃತದಿಂದ ತಂದ ಪದಗಳ ಒಳಗೆ ಇವೆ. ನಾವೇ ಕನ್ನಡದಲ್ಲಿ ಎರಡು ಪದ ಜೋಡಿಸುವಾಗ ಅವು ಬರುವುದಿಲ್ಲ. ಮನೆ, ಅಲ್ಲಿ ಸೇರಿದರೆ ಮನೆಯಲ್ಲಿ. ಊರು, ಅಲ್ಲಿ ಸೇರಿದರೆ ಊರಲ್ಲಿ. ಇದಕ್ಕೆ ನನ್ನದೇ ಒಂದು ಉದಾಹರಣೆ ಸೇರಿಸುತ್ತೇನೆ. ಶಾಲೆಯಲ್ಲಿ ಪಂಚಮೀ ವಿಭಕ್ತಿಗೆ 'ದೆಸೆಯಿಂದ' ಎಂದು ಬಾಯಿಪಾಠ ಮಾಡಿದ್ದು ನಿಮಗೂ ನೆನಪಿರಬೇಕು. 'ಮರದ ದೆಸೆಯಿಂದ ಹಣ್ಣು ಬಿತ್ತು' ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಒಮ್ಮೆಯಾದರೂ ಹೇಳಿದ್ದುಂಟೇ? ಮರದಿಂದ ಹಣ್ಣು ಬೀಳುತ್ತದೆ, ಚಾಕುವಿನಿಂದ ಹಣ್ಣು ಕೊಯ್ಯುತ್ತೇವೆ. ಕನ್ನಡಕ್ಕೆ ಎರಡಕ್ಕೂ 'ಇಂದ' ಸಾಕು. ಆದರೆ ಸಂಸ್ಕೃತದ ಮನೆಯಲ್ಲಿ ಏಳು ಗೂಡುಗಳಿವೆ, ಆದ್ದರಿಂದ ನಮ್ಮ ಮನೆಯಲ್ಲೂ ಏಳು ಇರಲೇಬೇಕು ಎಂದು ಒಂದು ಗೂಡಿಗೆ 'ದೆಸೆ' ತಂದು ಇಟ್ಟರು. ಖಾಲಿ ಇದ್ದರೆ ನೆಂಟರು ಏನಂದಾರು ಎಂಬಂತೆ. ಈ ಮಟ್ಟಿಗೆ ಭಟ್ಟರ ಮಾತು ನನಗೆ ಪೂರ್ತಿ ಒಪ್ಪಿಗೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ವ್ಯಾಕರಣದಿಂದ ಬರವಣಿಗೆಗೆ ಬಂದರು. ಕನ್ನಡಿಗರಲ್ಲಿ ಹೆಚ್ಚಿನವರು ಮಹಾಪ್ರಾಣವನ್ನು ಉಚ್ಚರಿಸುವುದಿಲ್ಲ. ಆದ್ದರಿಂದ ಖ, ಘ, ಛ, ಝ, ಠ, ಢ, ಥ, ಧ, ಫ, ಭ ಈ ಹತ್ತು ಅಕ್ಷರಗಳು ಕನ್ನಡ ಬರಹಕ್ಕೆ ಬೇಡ ಎಂದರು. ಷ, ಋ, ಐ, ಔ, ವಿಸರ್ಗಗಳೂ ಬೇಡ. ಈ ಅಕ್ಷರಗಳ ಭಾರ ಬೀಳುವುದು ಸಾಮಾನ್ಯರ ಮನೆಯ ಮಕ್ಕಳ ಮೇಲೆ. ಅದರಿಂದಾಗಿಯೇ ಬರವಣಿಗೆ ಕೆಲವರ ಸೊತ್ತಾಗಿದೆ, ಅದು ಎಲ್ಲರ ಕನ್ನಡ ಆಗಬೇಕು ಎಂಬುದು ಅವರ ಕಳಕಳಿ. ಹೇಳಿ ಸುಮ್ಮನಾಗದೆ ತಮ್ಮ ನಂತರದ ಪುಸ್ತಕಗಳನ್ನು ಹಾಗೆಯೇ ಅಚ್ಚು ಹಾಕಿಸಿದರು. 'ಭಾಷೆ' ಅಲ್ಲಿ 'ಬಾಶೆ' ಆಯಿತು. ಹೊದಿಕೆಯ ಮೇಲೆ ತಮ್ಮ ಹೆಸರನ್ನೂ 'ಶಂಕರ ಬಟ್' ಎಂದು ಮಾಡಿಕೊಂಡರು. ಊರಿಗೆಲ್ಲ ಬುದ್ಧಿ ಹೇಳಿ ತನ್ನ ಮನೆಯ ಹೆಸರು ಮಾತ್ರ ಮುಟ್ಟಬೇಡಿ ಎನ್ನುವವರ ನಡುವೆ ಇದು ದೊಡ್ಡ ಮಾತೇ.

ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಒಮ್ಮೆ ಕ, ಒಮ್ಮೆ ಖ ಎಂದು ಹೇಳಿ ನೋಡಿ. ಖ ಎನ್ನುವಾಗ ಅಂಗೈಗೆ ಉಸಿರು ಬಡಿಯಬೇಕು. ಈಗ ನಮ್ಮ ದಾವಣಗೆರೆಯ ಬೀದಿಗೆ ಬನ್ನಿ. ಅಂಗಡಿಯ ಹಲಗೆಯ ಮೇಲೆ 'ಖಾರ ಮಂಡಕ್ಕಿ' ಎಂದಿರುತ್ತದೆ. ಕೊಳ್ಳುವವರ ಬಾಯಲ್ಲಿ ಅದು ಕಾರ ಮಂಡಕ್ಕಿ, ಮಾರುವವನ ಬಾಯಲ್ಲೂ ಕಾರ ಮಂಡಕ್ಕಿ. ಉಸಿರು ಬಡಿಯುವುದು ಹಸಿಮೆಣಸಿನಕಾಯಿ ಕಚ್ಚಿದ ಮೇಲೆ. ಹರಿಹರದ ಹೊಳೆ ಕಾಗದದ ಮೇಲೆ ತುಂಗಭದ್ರಾ; ದಡದಲ್ಲಿ ಬಟ್ಟೆ ಒಗೆಯುವವರಿಗೆ ತುಂಗಬದ್ರಾ. ಅಪ್ಪ, ಅವ್ವ, ಮನೆ, ಹೊಲ, ಎತ್ತು, ರೊಟ್ಟಿ, ಬೆಣ್ಣೆ, ಉಪ್ಪು, ನಾವು ಹುಟ್ಟಿದಾಗಿನಿಂದ ಆಡುವ ಈ ಪದಗಳಲ್ಲಿ ಒಂದು ಮಹಾಪ್ರಾಣವೂ ಇಲ್ಲ. ಹಾಗಿರುವಾಗ 'ಅಬ್ಯಾಸ' ಎಂದು ಬರೆದ ಮಗುವಿಗೆ ಅರ್ಧ ಅಂಕ ಕಳೆಯುವುದು ಯಾವ ನ್ಯಾಯ? ಆ ಮಗು ತಾನು ಕೇಳಿದ್ದನ್ನೇ ಬರೆದಿದೆ. ಅಂಕಕ್ಕೆ ಹೆದರಿ ಇನ್ನೊಂದು ಮಗು 'ಭಸ್ಸು' ಎಂದು ಬರೆದು ಬಸ್ಸಿಗೂ ಬಾಲ ಕಟ್ಟುತ್ತದೆ.

ಅಕ್ಷರ ಬಿಡುವುದು ನಮಗೆ ಹೊಸದೂ ಅಲ್ಲ. ಹರಿಹರದ ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಅದಾದ ಕೆಲವೇ ದಶಕಗಳಿಗೆ, ಸುಮಾರು 1260ರಲ್ಲಿ, ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಅದರಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು. ಏಕೆಂದರೆ ಜನರ ನಾಲಿಗೆ ಆಗಲೇ ಆ ಸದ್ದನ್ನು ಬಿಟ್ಟಿತ್ತು. ಬಾಯಿಂದ ಹೋದದ್ದು ಕ್ರಮೇಣ ಕೈಯಿಂದಲೂ ಹೋಯಿತು. ಇಂದು ೞ, ಱ ಎರಡೂ ಹಳಗನ್ನಡದ ಪುಸ್ತಕದಲ್ಲಿ ಮಾತ್ರ ಸಿಗುತ್ತವೆ. ಕನ್ನಡಕ್ಕೆ ಅದರಿಂದ ಏನೂ ಕೇಡಾಗಿಲ್ಲ. ಇನ್ನೂ ಹತ್ತು ಹೋದರೆ ಏನು ಎಂದು ಭಟ್ಟರ ಪರವಾಗಿ ಕೇಳಬಹುದು.

ನನ್ನ ತಕರಾರು ಶುರುವಾಗುವುದು ಇಲ್ಲಿ, ಮತ್ತು ಅದನ್ನು ಎತ್ತಿದವರು ಪಂಡಿತರಲ್ಲ. ನಮ್ಮ ಶಾಲೆಗೆ ಸುತ್ತಲಿನ ತಾಂಡಾಗಳಿಂದ ಲಂಬಾಣಿ ಹುಡುಗಿಯರು ಬರುತ್ತಿದ್ದರು. ಉಕ್ತಲೇಖನ ಕೊಟ್ಟಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಕನ್ನಡದ ಮನೆಯ ಮಕ್ಕಳು ಘ, ಭ ಬಂದಲ್ಲಿ ತಡವರಿಸಿ ನನ್ನ ಮುಖ ನೋಡುತ್ತಿದ್ದರು. ತಾಂಡಾದ ಒಬ್ಬ ಹುಡುಗಿ ಮಾತ್ರ ನಾನು ಉಸಿರು ಕೊಟ್ಟು ಹೇಳಿದ ಕಡೆ ತಪ್ಪದೆ ಉಸಿರಿನ ಅಕ್ಷರವನ್ನೇ ಬರೆಯುತ್ತಿದ್ದಳು. ಹೇಗೆ ಗೊತ್ತಾಯ್ತೇ ಎಂದು ಕೇಳಿದೆ. "ಕೇಳ್ಸುತ್ತಲ್ಲ ಟೀಚರ್" ಎಂದಳು. ಉತ್ತರ ಅಷ್ಟೇ. ಅವಳ ಮನೆಮಾತಿನಲ್ಲಿ ಮನೆಗೆ ಘರ್, ಕುದುರೆಗೆ ಘೋಡೋ, ಹುಡುಗಿಗೆ ಛೋರಿ. ತಾಂಡಾದ ಹೆಂಗಸರು ಉಡುವ ಲಂಗಕ್ಕೆ ಫೇಟಿಯಾ. ಮದುವೆಯಾಗಿ ಹೊರಡುವ ಹುಡುಗಿ ತಾಯಿಯ ಕೊರಳು ತಬ್ಬಿ ಹಾಡುತ್ತ ಅಳುತ್ತಾಳಲ್ಲ, ಆ ಹಾಡಿಗೆ ಢಾವಲೋ. ನಮಗೆ ಬರಹದ ಅಲಂಕಾರವಾಗಿ ಉಳಿದಿರುವ ಅಕ್ಷರಗಳು ಅವಳಿಗೆ ಹಾಲು ಕುಡಿಯುವಾಗಿನಿಂದ ಕೇಳಿದ ಸದ್ದುಗಳು.

ಪಕ್ಕದ ಬೆಂಚಿನಲ್ಲಿ ಉರ್ದು ಮನೆಮಾತಿನ ಹುಡುಗಿಯರೂ ಇದ್ದರು. ಅವರಿಗೂ ಘರ್ ಎಂದರೆ ಮನೆ, ಖಾನಾ ಎಂದರೆ ಊಟ. ಅದರ ಉಸಿರು ತೆಗೆದರೆ ಊಟ ಹೋಗಿ ಒಕ್ಕಣ್ಣ ಬರುತ್ತಾನೆ. ಆದರೆ ಉರ್ದುವಿಗೆ ತನ್ನದೇ ಲಿಪಿ ಇದೆ, ಶಾಲೆಗಳಿವೆ, ಪತ್ರಿಕೆಗಳಿವೆ. ಲಂಬಾಣಿಗೆ ಸ್ವಂತ ಲಿಪಿ ಇಲ್ಲ. ಮಹಾರಾಷ್ಟ್ರದಲ್ಲಿ ದೇವನಾಗರಿ, ಆಂಧ್ರ ಮತ್ತು ತೆಲಂಗಾಣದಲ್ಲಿ ತೆಲುಗು, ನಮ್ಮಲ್ಲಿ ಕನ್ನಡ ಲಿಪಿ. ಢಾವಲೋ ಹಾಡನ್ನು ನಮ್ಮ ಜಿಲ್ಲೆಯ ಹುಡುಗಿಯೊಬ್ಬಳು ಬರೆದಿಟ್ಟುಕೊಳ್ಳಬೇಕೆಂದರೆ ಅವಳ ಕೈಯಲ್ಲಿರುವುದು ನಮ್ಮ ಈ ಅಕ್ಷರಮಾಲೆ ಒಂದೇ. ಅದರಿಂದ ಹತ್ತು ಅಕ್ಷರ ಕಿತ್ತರೆ ಆ ಹಾಡಿನ ಹೆಸರು ಬರೆಯಲೂ ಅಕ್ಷರ ಇರುವುದಿಲ್ಲ.

ಭಟ್ಟರು ಹೇಳಿದ್ದು ಕನ್ನಡ ಬರಹದ ಬಗ್ಗೆ, ಲಂಬಾಣಿಯವರು ಬೇಕಾದರೆ ಆ ಅಕ್ಷರಗಳನ್ನು ಇಟ್ಟುಕೊಳ್ಳಲಿ ಎಂದು ಅವರ ಅಭಿಮಾನಿಗಳು ಉತ್ತರಿಸಬಹುದು. ಮಾತು ಸರಿ ಕಾಣುತ್ತದೆ, ಆದರೆ ಅಕ್ಷರ ಉಳಿಯುವುದು ಹೇಗೆ ಎಂದು ಯೋಚಿಸಿ. ಒಂದನೇ ತರಗತಿಯ ಗೋಡೆಯ ಪಟದಲ್ಲಿ ಇದ್ದರೆ ಉಳಿಯುತ್ತದೆ. ಇಲ್ಲದಿದ್ದರೆ ೞಕಾರದ ದಾರಿ ಹಿಡಿಯುತ್ತದೆ. ತಾಂಡಾದ ಮಕ್ಕಳಿಗೆ ಬೇರೆ ಪಟ ಯಾರು ಬರೆಸಿ ತೂಗುಹಾಕುತ್ತಾರೆ? ಕನ್ನಡ ಶಾಲೆ ಕನ್ನಡ ಮನೆಮಾತಿನ ಮಕ್ಕಳದ್ದು ಮಾತ್ರ ಎಂದು ಲೆಕ್ಕ ಹಾಕಿದರೆ ಮಾತ್ರ ಹತ್ತು ಅಕ್ಷರ ಹೆಚ್ಚಾಗಿ ಕಾಣುತ್ತವೆ. ಹರಿಹರದ ಒಂದು ತರಗತಿಯಲ್ಲಿ ಮೂರು ಮನೆಮಾತುಗಳು ಕೂತಿರುತ್ತವೆ. ಅಲ್ಲಿ 'ಎಲ್ಲರ ಕನ್ನಡ' ಎನ್ನುವಾಗ 'ಎಲ್ಲರ' ಎಂಬುದನ್ನು ಇನ್ನೊಮ್ಮೆ ಎಣಿಸಬೇಕು. ಕೊರಗರ ಮಾತಿಗೆ ಕಿವಿ ಕೊಟ್ಟವರು, ಮಣಿಪುರಿಯ ಏರಿಳಿತಕ್ಕೆ ಕಿವಿ ಕೊಟ್ಟವರು, ಕನ್ನಡ ಬರಹದ ಲೆಕ್ಕ ಹಾಕುವಾಗ ಕನ್ನಡದ ಕಿವಿಯೊಂದನ್ನೇ ನಂಬಿದರು. ಅವರೇ ಕಲಿಸಿದ ಪಾಠದಿಂದ ಅವರನ್ನು ಕೇಳಬಹುದಾದ ಪ್ರಶ್ನೆ ಇದು.

ನನ್ನ ತೀರ್ಪು ಇಷ್ಟು: 'ಅಬ್ಯಾಸ' ಎಂದು ಬರೆದವರ ಅಂಕ ಕಳೆಯುವುದು ಬೇಡ, ಅಕ್ಷರ ಕಳೆಯುವುದೂ ಬೇಡ. ಭಟ್ಟರಿಗೆ ನೋವಾದದ್ದು ಮಗುವಿನ ಮೇಲೆ ಬಿದ್ದ ಭಾರಕ್ಕೆ. ಆ ಭಾರ ಇಳಿಸಲು ಮೌಲ್ಯಮಾಪಕರ ಕೆಂಪು ಪೆನ್ನು ಸ್ವಲ್ಪ ಉದಾರವಾದರೆ ಸಾಕು.

ಆದರೆ ಭಟ್ಟರ ಮೇಲೆ ತಕರಾರು ಹೇಳಿ ಮುಗಿಸಿದರೆ ನಮ್ಮ ಪಾಲಿನದು ಬಾಕಿ ಉಳಿಯುತ್ತದೆ. ಕನ್ನಡವನ್ನು ಸಂಸ್ಕೃತದ ಕಣ್ಣಲ್ಲಿ ನೋಡಿದರು ಎಂದು ಕೇಶಿರಾಜನ ಮೇಲೆ ನಾವು ದೂರು ಹೇಳುತ್ತೇವೆ. ನಾವು ಲಂಬಾಣಿಯನ್ನು ಯಾವ ಕಣ್ಣಲ್ಲಿ ನೋಡುತ್ತೇವೆ? ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ 'ಕುದುರೆ ಓಡಿದ' ಎಂದು ಬರೆದಿದ್ದಳು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿ ನಕ್ಕರು. "ಈ ಲಂಬಾಣಿಗಳಿಗೆ ವ್ಯಾಕರಣ ಅನ್ನೋದೇ ಇಲ್ಲ ನೋಡ್ರಿ" ಎಂದರು ಒಬ್ಬರು. ವ್ಯಾಕರಣ ಇಲ್ಲದ್ದರಿಂದ ಅವಳು ಹಾಗೆ ಬರೆದಿರಲಿಲ್ಲ, ಇದ್ದದ್ದರಿಂದ ಬರೆದಿದ್ದಳು. ಲಂಬಾಣಿಯಲ್ಲಿ ಲಿಂಗ ಎರಡೇ, ಗಂಡು ಮತ್ತು ಹೆಣ್ಣು. ನಮ್ಮ ಹಾಗೆ ಮನುಷ್ಯರನ್ನು ಒಂದು ಕಡೆ, ಉಳಿದದ್ದನ್ನೆಲ್ಲ ಇನ್ನೊಂದು ಕಡೆ ಇಡುವುದಿಲ್ಲ. ಕುದುರೆಯೂ ಘೋಡೋ ಇಲ್ಲವೆ ಘೋಡಿ. ಗುಣವಾಚಕವೂ ಅದರ ಹಿಂದೆ ಬಣ್ಣ ಬದಲಿಸಬೇಕು: ಕಾಳೋ ಘೋಡೋ, ಕಾಳಿ ಘೋಡಿ. ಕನ್ನಡದಲ್ಲಿ ಕುದುರೆ ಗಂಡಾಗಲಿ ಹೆಣ್ಣಾಗಲಿ 'ಕಪ್ಪು' ಕಪ್ಪಾಗಿಯೇ ಇರುತ್ತದೆ. ಎರಡು ಅಚ್ಚುಕಟ್ಟಾದ ಮನೆಗಳ ನಡುವೆ ಓಡಾಡುವ ಮಗು ಒಂದು ಮನೆಯ ಪಾತ್ರೆಯನ್ನು ಇನ್ನೊಂದು ಮನೆಯ ಕಪಾಟಿನಲ್ಲಿ ಇಟ್ಟಿತ್ತು, ಅಷ್ಟೆ. ಇದನ್ನು ವಿವರಿಸಿ ಹೇಳಿದರೆ ಐದು ನಿಮಿಷದಲ್ಲಿ ತಿದ್ದಿಕೊಳ್ಳುವ ವಿಷಯ. ನಕ್ಕರೆ ಆ ಹುಡುಗಿ ಮುಂದೆ ಪ್ರಬಂಧವನ್ನೇ ಬರೆಯುವುದಿಲ್ಲ.

ಲಂಬಾಣಿಯನ್ನು ಯಾರೂ ಅಧ್ಯಯನ ಮಾಡಿಲ್ಲ ಎಂದಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷೆಗಳ ಸಮೀಕ್ಷೆ 1907ರ ಸಂಪುಟದಲ್ಲಿ ಇದನ್ನು ವಿವರಿಸಿ ರಾಜಸ್ಥಾನದ ಭಾಷೆಗಳ ಬಳಗಕ್ಕೆ ಸೇರಿಸಿತು. 1970ರಲ್ಲಿ ರೊನಾಲ್ಡ್ ಟ್ರೇಲ್ ಎಂಬವರ ಲಮಾಣಿ ವ್ಯಾಕರಣ ಅಮೆರಿಕದಲ್ಲಿ ಅಚ್ಚಾಯಿತು. ಇವೆಲ್ಲ ಇಂಗ್ಲಿಷಿನಲ್ಲಿ ಇವೆ. ನಮ್ಮ ಕನ್ನಡ ಮೇಷ್ಟ್ರ ಮೇಜಿಗೆ ಬರುವಂಥವಲ್ಲ. ಇನ್ನು ಸರ್ಕಾರದ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ಮನೆಮಾತು ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಆದರೆ ಅಷ್ಟೂ ಜನರನ್ನು ಹಿಂದಿಯ ಖಾತೆಗೆ ಸೇರಿಸಿ ಮೊತ್ತ ಹಾಕಲಾಗಿದೆ. ಭಟ್ಟರು ವ್ಯಾಕರಣ ಬರೆದ ಮಣಿಪುರಿ 1992ರಲ್ಲಿ, ಪದಕೋಶ ಮಾಡಿದ ಬೋಡೋ 2003ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಿದವು. ನಮ್ಮ ಹೊಲದ ಬದುವಿನ ಆಚೆಗೇ ಇರುವ ಭಾಷೆ ಇನ್ನೂ ಬೇರೆಯವರ ಮನೆಯ ಪಡಿತರ ಚೀಟಿಯಲ್ಲಿದೆ.

ದಾವಣಗೆರೆ ಜಿಲ್ಲೆಯವರಾದ ನಮಗೆ ಇದರಲ್ಲಿ ಸ್ವಲ್ಪ ಹೆಚ್ಚಿನ ಹೊಣೆ ಇದೆ. ಲಂಬಾಣಿಗರ ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ದೇಶದ ಮೂಲೆಮೂಲೆಯಿಂದ ಭಕ್ತರು ಬರುವ ಸೂರಗೊಂಡನಕೊಪ್ಪ ಇರುವುದು ನಮ್ಮ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗುವ ಜನರನ್ನು ನಮ್ಮ ಬಸ್ ನಿಲ್ದಾಣಗಳಲ್ಲಿ ನೋಡುತ್ತೇವೆ. ಕನ್ನಡಿಯ ಚೂರು ಹೊಲಿದ ಅವರ ಉಡುಪು ನೋಡುತ್ತೇವೆ, ಕಸೂತಿ ಮೆಚ್ಚುತ್ತೇವೆ, ದಿಂಬಿನ ಚೀಲಕ್ಕೆ ಎಷ್ಟು ಎಂದು ಚೌಕಾಸಿ ಮಾಡುತ್ತೇವೆ. ಅವರು ತಮ್ಮನ್ನು ತಾವು ಗೋರ್ ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರನ್ನು ಕೋರ್ ಎನ್ನುತ್ತಾರೆ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ನಾವು ಹೊರಗೆ ನಿಂತಿದ್ದೇವೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರಲ್ಲಿ ನಮ್ಮ ಭಾಷೆ ಕಲಿಯದವರು ಕಡಿಮೆ. ಬಿ. ಟಿ. ಲಲಿತಾ ನಾಯಕ್ ಆ ಸಮುದಾಯದಿಂದ ಬಂದು ಕನ್ನಡದಲ್ಲಿ ಬರೆದು ನಮ್ಮೆಲ್ಲರ ಲೇಖಕಿಯಾದರು. ಲೇವಾದೇವಿಯಲ್ಲಿ ಅವರು ಕೊಟ್ಟದ್ದೇ ಹೆಚ್ಚು.

ಭಾಷಾವಿಜ್ಞಾನ ಓದಿದವರು ಮಾಡಬೇಕಾದ ಕೆಲಸವನ್ನು ನಮ್ಮ ಮೇಲೆ ಏಕೆ ಹೊರಿಸುತ್ತೀರಿ ಎಂದು ನೀವು ಕೇಳಬಹುದು. ಪದಕೋಶ ಬರೆಯಿರಿ ಎನ್ನುತ್ತಿಲ್ಲ. ಭಟ್ಟರು ಪರಭಾಷೆಯವರ ಎದುರು ಕೂತಾಗ ಅವರ ಮೊದಲ ಕೆಲಸವೂ ಕೇಳಿ ಬರೆದುಕೊಳ್ಳುವುದೇ ಆಗಿತ್ತು. ನೀರಿಗೆ ಏನಂತೀರಿ, ರೊಟ್ಟಿಗೆ ಏನಂತೀರಿ, ತಾಯಿಗೆ ಏನಂತೀರಿ ಎಂದು ಕೇಳುವುದಕ್ಕೆ ಡಿಗ್ರಿ ಬೇಡ. ತಾಯಿಗೆ ಯಾಡಿ ಎನ್ನುತ್ತಾರೆ. ಕೆಲಸಕ್ಕೆ ಬರುವವಳನ್ನೋ ಸಂತೆಯಲ್ಲಿ ತರಕಾರಿ ಮಾರುವವಳನ್ನೋ ಒಮ್ಮೆ ಕೇಳಿ ನೋಡಿ. ಮೊದಲು ನಾಚಿ ನಗುತ್ತಾಳೆ, ತನ್ನ ಮಾತನ್ನು ಇಷ್ಟು ದಿನ ಯಾರೂ ಕೇಳಿದ್ದಿಲ್ಲವಲ್ಲ. ಆಮೇಲೆ ಹೇಳುತ್ತಾಳೆ. ನೀವು ತಪ್ಪಾಗಿ ಹೇಳಿದರೆ ತಿದ್ದುತ್ತಾಳೆ, ಉಸಿರು ಎಲ್ಲಿ ಬಿಡಬೇಕು ಎಂದು ತೋರಿಸಿಕೊಡುತ್ತಾಳೆ. ಹತ್ತು ಮಹಾಪ್ರಾಣಗಳನ್ನು ಉಚ್ಚರಿಸಲು ನಮಗೆ ಮೇಷ್ಟ್ರು ಕಲಿಸಲಾಗದ್ದನ್ನು ಅವಳು ಒಂದು ಮಧ್ಯಾಹ್ನದಲ್ಲಿ ಕಲಿಸಬಲ್ಲಳು.